ಗುತ್ತಿಗೆ ದಾಖಲೆಗಳಿಗೆ ಎಪಿಐ: ಇಡೀ ಪಟ್ಟಿಯೋ, ಬದಲಾದವು ಮಾತ್ರವೋ?

ನಿರ್ಮಾಣ ಗುತ್ತಿಗೆಗಳ ದಾಖಲೆಗಳನ್ನು ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಮೂಲಕ ತರಿಸಿಕೊಳ್ಳುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಪ್ರತಿ ಸಲವೂ ಇಡೀ ಪಟ್ಟಿಯನ್ನು ಪುಟಪುಟವಾಗಿ ಪಡೆಯುವುದು, ಇಲ್ಲವೇ ಕಳೆದ ಬಾರಿಯ ನಂತರ ಬದಲಾದವುಗಳನ್ನಷ್ಟೇ ಕೇಳುವುದು.

ಮೊದಲನೆಯದು ಸರಳ. ಆದರೆ ದಾಖಲೆಗಳು ಬೆಳೆದಂತೆ ಕೋರಿಕೆಗಳೂ ಹೆಚ್ಚಿ, ಸರ್ವರ್ 429 (ಕೋರಿಕೆಗಳು ಮಿತಿಮೀರಿವೆ) ಎಂಬ ಉತ್ತರ ಕೊಟ್ಟು ತಡೆಯಬಹುದು; ಪುಟಸಂಖ್ಯೆಯನ್ನೇ ನೆಚ್ಚಿದ್ದರೆ, ನಡುವೆ ಒಂದು ದಾಖಲೆ ಅಳಿಸಿಹೋದಾಗ ಮುಂದಿನ ಪುಟದ ಮೊದಲನೆಯದು ಕೈತಪ್ಪುವುದೂ ಉಂಟು. ಕರ್ಸರ್ (ಎಲ್ಲಿಯವರೆಗೆ ಪಡೆದಿದ್ದೇವೆಂದು ತೋರಿಸುವ ಗುರುತು) ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಲೇಸು.

ಎರಡನೆಯದು ವೇಗದ ದಾರಿ, ಮೋಸಹೋಗುವುದೂ ಇಲ್ಲಿಯೇ. ಗುತ್ತಿಗೆಯ ಲೆಕ್ಕವು ಮೂಲ ಒಪ್ಪಂದ, ಬದಲಾವಣೆ ಆದೇಶಗಳು (ಒಪ್ಪಂದದ ಕೆಲಸವನ್ನೋ ಮೊತ್ತವನ್ನೋ ತಿದ್ದುವಂಥವು), ತಡೆಹಿಡಿದ ಹಣ (ಕೆಲಸ ಮುಗಿಯುವವರೆಗೆ ಕೊಡದೆ ಉಳಿಸಿಕೊಂಡ ಪಾಲು) ಎಂದು ಹಲವು ಕೋಷ್ಟಕಗಳಲ್ಲಿ ಹಂಚಿಹೋಗಿದ್ದರೆ, ಬದಲಾವಣೆ ಆದೇಶವೊಂದಕ್ಕೆ ಒಪ್ಪಿಗೆ ಸಿಕ್ಕಾಗಲೂ ಮೂಲ ಗುತ್ತಿಗೆಯ ಪರಿಷ್ಕರಣೆಯ ದಿನಾಂಕ ಹಾಗೆಯೇ ಉಳಿಯಬಹುದು. ಬದಲಾದವನ್ನು ಆರಿಸುವುದು ಆ ದಿನಾಂಕ ನೋಡಿಯೇ ಆದ್ದರಿಂದ, ಆಗ ನಮ್ಮ ಪ್ರತಿಯಲ್ಲಿ ಹಳೆಯ ಮೊತ್ತವೇ ಸದ್ದಿಲ್ಲದೆ ಕುಳಿತಿರುತ್ತದೆ. ಅಳಿಸಿದ ದಾಖಲೆಯಂತೂ, ಅದರ ಗುರುತನ್ನು ಸರ್ವರ್ ಉಳಿಸದಿದ್ದರೆ, ಈ ಪಟ್ಟಿಗೆ ಬರುವುದೇ ಇಲ್ಲ.

ಹಣ ಪಾವತಿಯು ಈ ಅಂಕಿಗಳನ್ನೇ ಅವಲಂಬಿಸಿದ್ದರೆ, ದಿನನಿತ್ಯಕ್ಕೆ ಎರಡನೆಯದನ್ನು ಇಟ್ಟುಕೊಂಡು ವಾರಕ್ಕೊಮ್ಮೆ ಇಡೀ ಪಟ್ಟಿಯನ್ನು ತಂದು ತಾಳೆ ನೋಡುವುದನ್ನು ನಾನು ಆರಿಸಿಕೊಳ್ಳುತ್ತೇನೆ. ಕೆಲವೇ ನೂರು ಗುತ್ತಿಗೆಗಳ ತಿಂಗಳ ವರದಿಗಾದರೆ ಮೊದಲನೆಯದೇ ಧಾರಾಳವಾಯಿತು.