ವೀಸಾ ಅರ್ಜಿಯ ಲಾಗಿನ್ ಏಜೆನ್ಸಿ ಕೈಗೆ ಕೊಡಬೇಡಿ

ಬೇರೆ ದೇಶಕ್ಕೆ ಹೋಗಿ ನೆಲೆಸಲು ಕಾಗದಪತ್ರ ಜೋಡಿಸುತ್ತಿದ್ದೀರಾ? "ನೀವು ಸುಮ್ನೆ ಸಹಿ ಹಾಕಿ, ಮಿಕ್ಕಿದ್ದೆಲ್ಲ ನಮಗೆ ಬಿಡಿ" ಅಂತ ಏಜೆನ್ಸಿಯವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಅರ್ಜಿಯಲ್ಲಿ ನಾವು ಹೇಳದ ಸುಳ್ಳೊಂದು ಸೇರಿಕೊಂಡಿತ್ತು. ಅದು ನಮಗೆ ಗೊತ್ತಾಗುವಷ್ಟರಲ್ಲಿ ವಲಸೆ ಇಲಾಖೆಗೆ ಉತ್ತರ ಕೊಡುವ ಗಡುವು ಮುಗಿಯುತ್ತಾ ಬಂದಿತ್ತು. ಏಜೆನ್ಸಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಬೇರೆ ಬೇರೆ ಇರಬಹುದು, ಕೆಲಸ ಮಾಡುವ ರೀತಿ ಎಲ್ಲ ಕಡೆ ಇದೇ ಇರುತ್ತದೆ.

ವಿಷಯ ಏನಪ್ಪಾ ಅಂದರೆ, ನನ್ನ ಗಂಡನಿಗೆ ಹಿಂದೆ ಬೇರೊಂದು ದೇಶದ ಟೂರಿಸ್ಟ್ ವೀಸಾ ರಿಜೆಕ್ಟ್ ಆಗಿತ್ತು. ಇದನ್ನು ಏಜೆನ್ಸಿಯವರಿಗೆ ಮೊದಲ ಭೇಟಿಯಲ್ಲೇ ಹೇಳಿದ್ದೆವು. ರಿಜೆಕ್ಟ್ ಆದ ಪತ್ರದ ಪ್ರತಿಯನ್ನೂ ಕೊಟ್ಟಿದ್ದೆವು. ಅವರು ಓದಿ ನೋಡಿ ಅಂತ ಕೊಟ್ಟ ಕರಡು ಫಾರಂನಲ್ಲಿ "ಹಿಂದೆ ವೀಸಾ ನಿರಾಕರಣೆ ಆಗಿದೆಯೇ?" ಅನ್ನುವ ಪ್ರಶ್ನೆಗೆ "ಹೌದು" ಅಂತಲೇ ಇತ್ತು. ಪುಟಪುಟಕ್ಕೂ ಸಹಿ ಮಾಡಿ ಕೊಟ್ಟೆವು. ಆದರೆ ಆನ್‌ಲೈನ್‌ನಲ್ಲಿ ಸಲ್ಲಿಸಿದ ಅರ್ಜಿಯಲ್ಲಿ "ಇಲ್ಲ" ಅಂತ ಆಗಿತ್ತು. ಯಾಕೆ ಹೀಗೆ ಮಾಡಿದಿರಿ ಅಂತ ಆಮೇಲೆ ಕೇಳಿದಾಗ ಅಲ್ಲಿದ್ದ ಹುಡುಗ ತಣ್ಣಗೆ ಹೇಳಿದ, "ಹೌದು ಅಂದ್ರೆ ಫೈಲ್ ಲೇಟ್ ಆಗುತ್ತೆ ಮೇಡಂ. ಎಲ್ಲರಿಗೂ ಹೀಗೇ ಹಾಕ್ತೀವಿ."

ಎಲ್ಲರಿಗೂ ಅಂತೆ! ಎಷ್ಟು ಮನೆಯವರು ಇದು ಗೊತ್ತೇ ಇಲ್ಲದೆ ಕಾಯುತ್ತಾ ಕೂತಿದ್ದಾರೋ.

ವೀಸಾ ಒಮ್ಮೆ ರಿಜೆಕ್ಟ್ ಆಗಿರುವುದು ಅಂಥ ದೊಡ್ಡ ವಿಷಯವಲ್ಲ. ಯಾಕೆ ಆಯಿತು ಅಂತ ವಿವರಿಸಿದರೆ ಎಷ್ಟೋ ಸಲ ಮುಗಿದುಹೋಗುತ್ತದೆ. ಅದನ್ನು ಮುಚ್ಚಿಡುವುದೇ ಅಪಾಯ. ತಪ್ಪು ಮಾಹಿತಿ ಕೊಟ್ಟಿದ್ದಾರೆ ಅಂತ ತೀರ್ಮಾನವಾದರೆ ಕೆನಡಾ 5 ವರ್ಷ ಬಾಗಿಲು ಹಾಕುತ್ತದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ, ಗುರುತಿನ ವಿಷಯದಲ್ಲೇ ಸುಳ್ಳಾಡಿದರೆ 10 ವರ್ಷ. ಬ್ರಿಟನ್‌ನಲ್ಲಿ ವಂಚನೆ ಅಂತ ಬಂದರೆ 10 ವರ್ಷದ ತನಕ ಹೋಗಬಹುದು. ಅಮೆರಿಕದಲ್ಲಂತೂ ವಿನಾಯಿತಿ ಸಿಗದ ಹೊರತು ಜೀವನಪೂರ್ತಿ. ಒಂದು ದೇಶದ ವಿಷಯ ಇನ್ನೊಂದಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಅಂದುಕೊಳ್ಳಬೇಡಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳು ವಲಸೆ ಮಾಹಿತಿಯನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಬೆರಳಚ್ಚು ಕೊಟ್ಟ ಮೇಲೆ ಹಳೆಯ ಕಥೆ ಹೊರಬರುವುದು ಕಷ್ಟವಲ್ಲ.

ಫಾರಂ ತುಂಬಿದ್ದು ಏಜೆಂಟ್, ನಾವಲ್ಲ ಅಂತ ಹೇಳಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಯಾರು ತುಂಬಿದರೂ ಅದು ಅರ್ಜಿದಾರರ ಹೇಳಿಕೆ. ಹಾಗಾಗಿ ಕರಡು ನೋಡಿದರೆ ಸಾಲದು. ಅರ್ಜಿ ಸಲ್ಲಿಸಿದ ಮೇಲೆ ವೆಬ್‌ಸೈಟೇ ಕೊಡುವ ಪ್ರತಿಯನ್ನು, ಅರ್ಜಿ ಸಂಖ್ಯೆ ಇರುವುದನ್ನು, ಅದೇ ದಿನ ಕೈಗೆ ತೆಗೆದುಕೊಳ್ಳಿ. ಕರಡಿನ ಜೊತೆ ಸಾಲುಸಾಲಾಗಿ ತಾಳೆ ನೋಡಿ. ನಾವು ಆ ಪ್ರತಿ ಕೇಳಿದಾಗಲೆಲ್ಲ "ಸಿಸ್ಟಂನಲ್ಲಿದೆ, ಪ್ರಿಂಟ್ ತೆಗೆದು ಕಳಿಸ್ತೀವಿ" ಅನ್ನುವ ಉತ್ತರವೇ ಬರುತ್ತಿತ್ತು.

ಇನ್ನು ಲಾಗಿನ್ ವಿಷಯ. ನಮ್ಮ ಹೆಸರಿನಲ್ಲಿ ಅವರೇ ಒಂದು ಹೊಸ ಇಮೇಲ್ ಮಾಡಿದ್ದರು. ನೋಡಿದರೆ ನಮ್ಮದೇ ಅನ್ನಿಸಬೇಕು, ಹಾಗಿತ್ತು. ಪಾಸ್‌ವರ್ಡ್ ಅವರ ಬಳಿ, ಒಟಿಪಿ ಬರುವುದು ಅವರ ಮೊಬೈಲ್‌ಗೆ. ಎಲ್ಲ ಗ್ರಾಹಕರಿಗೂ ಹೀಗೇ ಮಾಡುತ್ತಾರಂತೆ, ಕೆಲಸ ಬೇಗ ಆಗಲಿ ಅಂತ. ವಲಸೆ ಇಲಾಖೆ ಬರೆದ ಪತ್ರ ಬಂದು ಬಿದ್ದದ್ದು ಆ ಡಬ್ಬಿಗೆ. "ನಿಮ್ಮ ಅರ್ಜಿಯಲ್ಲಿ ಹೀಗಿದೆ, ನಮ್ಮ ದಾಖಲೆಯಲ್ಲಿ ಹಾಗಿದೆ, ಇಷ್ಟು ದಿನದೊಳಗೆ ಉತ್ತರಿಸಿ" ಅನ್ನುವ ಪತ್ರ ಅದು. ಅದನ್ನು ಅವರು ತೆರೆದು ಓದಿದ್ದರು ಕೂಡ. ನಮಗೆ ಮಾತ್ರ "ಪ್ರೊಸೆಸ್‌ನಲ್ಲಿದೆ" ಅನ್ನುತ್ತಲೇ ಇದ್ದರು. ನನ್ನ ಗಂಡನಿಗೆ ಅನುಮಾನ ಬಂದು ಇಲಾಖೆಯ ವೆಬ್‌ಸೈಟ್‌ನಲ್ಲಿದ್ದ ವಿಚಾರಣೆ ಫಾರಂ ತುಂಬಿ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೇರವಾಗಿ ಕೇಳಿದರು. ಪತ್ರ ಎಂದೋ ಕಳಿಸಿದ್ದೇವೆ, ಇನ್ನೂ ಉತ್ತರ ಬಂದಿಲ್ಲ ಅಂತ ಇಲಾಖೆಯವರು ಬರೆದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ.

ದಯವಿಟ್ಟು ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಕೊಟ್ಟು ನೀವೇ ಖಾತೆ ತೆರೆಯಿರಿ. ಸಲಹೆಗಾರರು ಬೇಕೇ ಬೇಕು ಅಂದರೆ, ಅವರನ್ನು ಪ್ರತಿನಿಧಿ ಅಂತ ಅಧಿಕೃತವಾಗಿ ತೋರಿಸಲು ಹಲವು ದೇಶಗಳಲ್ಲಿ ಬೇರೆ ಫಾರಂ ಇರುತ್ತದೆ. ಆ ಫಾರಂನಲ್ಲಿ ತಮ್ಮ ಹೆಸರು ಹಾಕಲು ಹಿಂಜರಿಯುವವರ ಹತ್ತಿರ ಕೆಲಸ ಮಾಡಿಸಬೇಡಿ. ನಮ್ಮ ಏಜೆನ್ಸಿಯವರು ಆ ಫಾರಂ ತುಂಬಿರಲೇ ಇಲ್ಲ. ಇಲಾಖೆಯ ದಾಖಲೆಯಲ್ಲಿ ಅವರ ಸುಳಿವೇ ಇರಲಿಲ್ಲ. ಎಲ್ಲವನ್ನೂ ನಾವೇ ಮಾಡಿದಂತೆ ಇತ್ತು.

ಕಾಗದಪತ್ರಗಳನ್ನು ಅವರು ಮಾಡಿಸಿದ ಕ್ರಮವೂ ಉಲ್ಟಾ. ಎಲ್ಲಕ್ಕಿಂತ ಮೊದಲು ಪೊಲೀಸ್ ಕ್ಲಿಯರೆನ್ಸ್, ಅಂದರೆ ನಮ್ಮ ಮೇಲೆ ಕೇಸಿಲ್ಲ ಅನ್ನುವ ಪೊಲೀಸ್ ಸರ್ಟಿಫಿಕೇಟ್, ಮಾಡಿಸಿದರು. ಬೇಗ ಹಳೆಯದಾಗುವ ಕಾಗದ ಇದೇ ಅಲ್ವಾ? ಉದಾಹರಣೆಗೆ ಕೆನಡಾದ ಕಾಯಂ ವಾಸದ ಅರ್ಜಿಗೆ, ಈಗ ವಾಸವಿರುವ ದೇಶದ ಪೊಲೀಸ್ ಸರ್ಟಿಫಿಕೇಟ್ ಅರ್ಜಿ ಹಾಕುವುದಕ್ಕೆ ಹಿಂದಿನ 6 ತಿಂಗಳೊಳಗಿನದ್ದಾಗಿರಬೇಕು. ವೈದ್ಯಕೀಯ ತಪಾಸಣೆಗೆ 12 ತಿಂಗಳು. ಅದೂ ಇಲಾಖೆ ಪಟ್ಟಿ ಮಾಡಿದ ವೈದ್ಯರ ಬಳಿಯೇ ಆಗಬೇಕು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ 2 ವರ್ಷ. ಹೀಗೆ ಒಂದೊಂದಕ್ಕೂ ಒಂದೊಂದು ಆಯಸ್ಸು. ಹಳೆಯದಾಗದ ಡಿಗ್ರಿ, ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರಗಳನ್ನು ಮೊದಲು ಮುಗಿಸಿ. ಬೇಗ ಹಳೆಯದಾಗುವವನ್ನು ಕೊನೆಗೆ ಇಟ್ಟುಕೊಳ್ಳಿ.

ಅಪೊಸ್ಟಿಲ್‌ನಲ್ಲಿ ಇನ್ನೊಂದು ರಗಳೆ. ನಮ್ಮ ಕಾಗದ ಬೇರೆ ದೇಶದಲ್ಲಿ ನಡೆಯಲಿ ಅಂತ ಹಾಕಿಸುವ ಈ ಮುದ್ರೆ 1961ರ ಹೇಗ್ ಒಪ್ಪಂದದಿಂದ ಬಂದದ್ದು. ಈಗ 120ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಚೀನಾದಲ್ಲಿ 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಅದು ಜಾರಿಗೆ ಬಂತು. ಹಾಗಾಗಿ ಹಳೆಯ ಅನುಭವ ಹೇಳುವವರ ಮಾತು ಈಗ ಹೊಂದದೇ ಇರಬಹುದು. ಒಪ್ಪಂದದಲ್ಲಿಲ್ಲದ ದೇಶಕ್ಕೆ ಹೋಗುವುದಾದರೆ ಸಾಮಾನ್ಯವಾಗಿ ಆ ದೇಶದ ರಾಯಭಾರ ಕಚೇರಿಯಲ್ಲೇ ಅಟೆಸ್ಟೇಷನ್ ಮಾಡಿಸಬೇಕು. ಅಪೊಸ್ಟಿಲ್ ಹೇಳುವುದು ಇಷ್ಟೇ: ಈ ಕಾಗದದ ಮೇಲಿನ ಸಹಿ, ಮೊಹರು ಅಸಲಿ ಅಂತ. ಒಳಗೆ ಬರೆದದ್ದು ನಿಜ ಅಂತ ಅದು ಹೇಳುವುದಿಲ್ಲ. ನಮ್ಮ ಏಜೆನ್ಸಿಯವರು ಅನುವಾದ ಮೊದಲು ಮಾಡಿಸಿ, ಅಪೊಸ್ಟಿಲ್ ಆಮೇಲೆ ಹಾಕಿಸಿದರು. ಅಪೊಸ್ಟಿಲ್ ಪುಟದ ಅನುವಾದವೂ ಬೇಕಿತ್ತು. ಹಾಗಾಗಿ ಮತ್ತೆ ದುಡ್ಡು ಕೊಟ್ಟು ಹೊಸದಾಗಿ ಅನುವಾದ ಮಾಡಿಸಬೇಕಾಯಿತು. ಜರ್ಮನಿ, ಸ್ಪೇನ್‌ನಂಥ ಕಡೆ ಪ್ರಮಾಣವಚನ ಸ್ವೀಕರಿಸಿದ ಅಧಿಕೃತ ಅನುವಾದಕರೇ ಮಾಡಿರಬೇಕು ಅಂತ ಕೇಳುತ್ತಾರೆ. ಭಾಷೆ ಬರುವ ಗೆಳೆಯರು ಮಾಡಿಕೊಟ್ಟದ್ದು ಅಲ್ಲಿ ನಡೆಯುವುದಿಲ್ಲ.

ಸರ್ಟಿಫಿಕೇಟ್ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸುವುದೂ ಬೇಡ. ಪ್ಲಾಸ್ಟಿಕ್ ಮೇಲೆ ಮೊಹರು ಕೂರುವುದಿಲ್ಲ, ಹಾಗಾಗಿ ತಿರಸ್ಕರಿಸುವ ಕಚೇರಿಗಳಿವೆ. "ಸೇಫ್ ಆಗಿರ್ಲಿ" ಅಂತ ನನ್ನ ಡಿಗ್ರಿ ಸರ್ಟಿಫಿಕೇಟನ್ನು ನನ್ನನ್ನು ಕೇಳದೆಯೇ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು ಈ ಮಹಾನುಭಾವರು. ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತೆಗೆಸುವುದು ಹೊಸ ಡಿಗ್ರಿ ಓದಿದಷ್ಟೇ ಕಷ್ಟವಾಯಿತು.

ಪಾಸ್‌ಪೋರ್ಟ್‌ನಲ್ಲಿ ಎಲ್ಲರೂ ನೋಡುವುದು ಮುಗಿಯುವ ದಿನಾಂಕ ಮಾತ್ರ. ಆರು ತಿಂಗಳಾದರೂ ಬಾಕಿ ಇರಲಿ ಅಂತ ಬಹಳ ದೇಶಗಳು ಕೇಳುತ್ತವೆ. ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು) ಕಡಿಮೆ ದಿನಕ್ಕೆ ಹೋಗುವುದಾದರೆ, ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು ಅನ್ನುವ ನಿಯಮವೂ ಇದೆ. ಅದಕ್ಕಿಂತ ಜಾಸ್ತಿ ಕಾಡುವುದು ಹೆಸರು. ಫೋಟೋ ಪುಟದ ಕೆಳಗೆ ಎರಡು ಸಾಲು ಇದೆಯಲ್ಲ, ಯಂತ್ರ ಓದುವುದು ಅದನ್ನೇ. ಸಾಲಿಗೆ 44 ಅಕ್ಷರ, ಅದರಲ್ಲಿ ಹೆಸರಿಗೆ 39. ಚುಕ್ಕೆ, ಅಲ್ಪವಿರಾಮ ಅಲ್ಲಿ ಬರುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದ ಪೂರ್ತಿ ಹೆಸರು, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದ್ದರೆ ಮೊದಲೇ ಸರಿಪಡಿಸಿ. ಇವೆಲ್ಲ ಒಬ್ಬರದೇ ಹೆಸರು ಅಂತ ಅಫಿಡವಿಟ್ ಮಾಡಿಸಬಹುದು. ಆದರೆ ಆ ದೇಶ ಅದನ್ನು ಒಪ್ಪುತ್ತದೆಯೇ ಅಂತ ಮುಂಚೆ ಕೇಳಿಕೊಳ್ಳಿ. ಫೋಟೋ ಅಳತೆಯೂ ಒಂದೇ ಅಲ್ಲ. ಬಹಳ ಕಡೆ 35ಕ್ಕೆ 45 ಮಿಲಿಮೀಟರ್, ಅಮೆರಿಕಕ್ಕೆ 51ಕ್ಕೆ 51. ನಮ್ಮ ಏಜೆನ್ಸಿಯವರು ಒಂದೇ ಫೋಟೋವನ್ನು ಎಳೆದು ಚೌಕ ಮಾಡಿದ್ದರು. ನನ್ನ ಗಂಡನ ಮುಖ ನೋಡಿ ನನಗೇ ಗುರುತು ಹತ್ತಲಿಲ್ಲ.

ಕೊನೆಗೆ ಜಗಳ ಆಗಿದ್ದು ಮೂಲ ದಾಖಲೆಗಳಿಗಾಗಿ. ಬಾಕಿ ಹಣ ಕಟ್ಟುವ ತನಕ ಪಾಸ್‌ಪೋರ್ಟ್ ಕೊಡುವುದಿಲ್ಲ ಅಂದರು. ಬಹಳ ದೇಶಗಳಲ್ಲಿ ಪಾಸ್‌ಪೋರ್ಟ್ ಅದನ್ನು ಕೊಟ್ಟ ಸರ್ಕಾರದ ಆಸ್ತಿ. ಅದನ್ನು ಅಡ ಇಟ್ಟುಕೊಳ್ಳಲು ಏಜೆನ್ಸಿಗೆ ಹಕ್ಕಿಲ್ಲ. ಪೊಲೀಸರಿಗೆ ದೂರು ಕೊಡುತ್ತೇವೆ ಅಂತ ಬರಹದಲ್ಲಿ ಕಳಿಸಿದೆವು. ಮಾರನೇ ದಿನವೇ ಕೊಟ್ಟರು. ಬಾಯಿಮಾತಲ್ಲಿ ಹೇಳಿದಾಗ ಮಾತ್ರ ಕಿವಿಗೇ ಹಾಕಿಕೊಂಡಿರಲಿಲ್ಲ. ಮೂಲ ದಾಖಲೆ ಯಾರಿಗೇ ಕೊಟ್ಟರೂ, ಯಾವುದು, ಯಾವತ್ತು, ಯಾಕೆ ಅಂತ ಬರೆದ ರಸೀದಿ ತೆಗೆದುಕೊಳ್ಳಿ.

ನಮ್ಮನ್ನು ಉಳಿಸಿದ್ದು ಆ ಕರಡು ಫಾರಂ. "ಹೌದು" ಅಂತ ಇದ್ದ ಪುಟದ ಫೋಟೋ, ರಿಜೆಕ್ಟ್ ಪತ್ರ ಅವರಿಗೆ ಕಳಿಸಿದ್ದ ವಾಟ್ಸಾಪ್ ಸಂದೇಶ, ಹಣ ಕಟ್ಟಿದ ರಸೀದಿ ಎಲ್ಲವನ್ನೂ ಜೋಡಿಸಿ, ನಡೆದದ್ದನ್ನು ಇದ್ದ ಹಾಗೆ ಬರೆದು ಗಡುವಿನೊಳಗೆ ಇಲಾಖೆಗೆ ಕಳಿಸಿದೆವು. ಸುಳ್ಳು ಮಾಹಿತಿಯ ಆರೋಪ ಕೈಬಿಟ್ಟರು. ಆದರೆ ಪೊಲೀಸ್ ಕ್ಲಿಯರೆನ್ಸ್ ಹಳೆಯದಾಗಿದೆ ಅಂತ ಅರ್ಜಿ ವಾಪಸ್ ಬಂತು. ಈಗ ಎಲ್ಲ ಹೊಸದಾಗಿ, ನಾವೇ ತುಂಬುತ್ತಿದ್ದೇವೆ. ಏಜೆನ್ಸಿಗೆ ಕಟ್ಟಿದ ಹಣ ಬಂದಿಲ್ಲ, ಗ್ರಾಹಕ ದೂರು ಹಾಕಿದ್ದೇವೆ.

ಸಲಹೆಗಾರರನ್ನು ಹಿಡಿಯುವ ಮೊದಲು ಅವರ ಹೆಸರು ಸರ್ಕಾರಿ ನೋಂದಣಿಯಲ್ಲಿದೆಯೇ ನೋಡಿ. ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್, ನ್ಯೂಜಿಲೆಂಡ್ ವಲಸೆ ಸಲಹೆಗಾರರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿವೆ, ಹೆಸರು ಹಾಕಿ ಹುಡುಕಬಹುದು. ಗೋಡೆ ಮೇಲಿನ ಬಾವುಟ, ಚೌಕಟ್ಟು ಹಾಕಿದ ಸರ್ಟಿಫಿಕೇಟ್ ನೋಡಿ ನಂಬಬೇಡಿ. ಬೋರ್ಡ್ ಮೇಲೆ ಕಂಪನಿ ಹೆಸರು ಇದ್ದರೂ, ನಿಮ್ಮ ಫೈಲ್ ನೋಡುವ ವ್ಯಕ್ತಿಯ ನೋಂದಣಿ ಸಂಖ್ಯೆ ಕೇಳಿ. ನಾವು ಆಮೇಲೆ ಹುಡುಕಿದಾಗ ಆ ಕಚೇರಿಯ ಒಬ್ಬರ ಹೆಸರೂ ಪಟ್ಟಿಯಲ್ಲಿ ಸಿಗಲಿಲ್ಲ.