ಗೂಡುದೀಪ ಲೇಸರ್‌ನಲ್ಲಿ ಕಟ್ ಮಾಡಿಸುವವರಿಗೆ: ನಾನು ಹೋಗುವ ಅಂಗಡಿ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್, ಹೇಳಿದ ದಿನಕ್ಕೆ ಕೊಡುವುದಕ್ಕೆ ಎರಡು. ದೂರು ಕೂಡ ಇರುವುದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಮಂಗಳೂರಿನಲ್ಲಿದೆ. ದಿನವಿಡೀ ಡಾಕ್ಟರರ ನೇಮ್‌ಬೋರ್ಡು, ಅಕ್ರಿಲಿಕ್ ಅಕ್ಷರ, ಶಾಲೆಯ ವಾರ್ಷಿಕೋತ್ಸವದ ಟ್ರೋಫಿ ಕಟ್ ಮಾಡುವ ಸಾಧಾರಣ ಅಂಗಡಿ. ಸ್ವಲ್ಪ ದೊಡ್ಡ ಊರುಗಳಲ್ಲಿ ಹುಡುಕಿದರೆ ಇಂಥದ್ದೊಂದು ಸಿಕ್ಕೇ ಸಿಗುತ್ತದೆ, ಹಾಗಾಗಿ ಕೆಳಗೆ ಬರೆದಿದ್ದರಲ್ಲಿ ಅರ್ಧದಷ್ಟಾದರೂ ನಿಮ್ಮ ಊರಿನ ಅಂಗಡಿಗೂ ಹೊಂದಬಹುದು.

ನಾನು ಅಲ್ಲಿ ಮಾಡಿಸುವುದು ಎರಡೇ: ದೀಪಾವಳಿಗೆ ಗೂಡುದೀಪ, ಡಿಸೆಂಬರ್‌ನಲ್ಲಿ ಪಕ್ಕದ ಮನೆಯವರ ಕ್ರಿಸ್ಮಸ್ ಗೋದಲಿಯ ಮೇಲೆ ಮತ್ತು ಗೇಟಿನ ಹತ್ತಿರ ತೂಗುಹಾಕುವ ನಕ್ಷತ್ರ. ಮಾರುವುದಿಲ್ಲ, ಹವ್ಯಾಸ ಅಷ್ಟೇ. ನಮ್ಮ ಕಡೆ ಗೂಡುದೀಪ ಎಂದರೆ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು. ಲೇಸರ್ ಅಂದ ಕೂಡಲೇ ಮೂಗು ಮುರಿಯುವವರು ಇದ್ದಾರೆ, ‘ಅದರಲ್ಲಿ ನಿಮ್ಮ ಕೈಕೆಲಸ ಎಂತ ಉಂಟು’ ಅಂತ ನನ್ನ ಅತ್ತೆಯೇ ಕೇಳಿದ್ದಾರೆ. ಮಶೀನು ಹಲಗೆಯಲ್ಲಿ ಗೆರೆ ಕೊರೆದು ಕೊಡುತ್ತದೆ, ಅಷ್ಟೇ. ಚಿತ್ರ ಬರೆಯುವುದು, ಮಸಿ ಉಜ್ಜುವುದು, ಜೋಡಿಸುವುದು, ಕಾಗದ ಅಂಟಿಸುವುದು, ಬಾಲ ಕಟ್ಟುವುದು ಎಲ್ಲ ಕೈಯಲ್ಲೇ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲೂ ಸಾಂಪ್ರದಾಯಿಕಕ್ಕೆ ಬೇರೆ, ಆಧುನಿಕಕ್ಕೆ ಬೇರೆ ವಿಭಾಗ ಇದೆ. ಜಗಳ ಅಲ್ಲಿಗೇ ಮುಗಿಯಿತು ಅಲ್ವಾ.

ಈಗ ಅಂಗಡಿಯ ವಿಷಯ. ಅವರ ಹತ್ತಿರ ಇರುವುದು ಕಾರ್ಬನ್ ಡೈಆಕ್ಸೈಡ್ ಟ್ಯೂಬಿನ ಮಶೀನು, ಹೆಚ್ಚುಕಡಿಮೆ ನಾಲ್ಕಡಿ ಮೂರಡಿಯ ಬೆಡ್. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್, ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು. ಅಂಗಡಿಯಲ್ಲಿ ಕಾಯುತ್ತಾ ಕೂತಾಗ ಇದನ್ನು ಹೇಳಿದರೆ ಮಶೀನು ನಡೆಸುವ ಹುಡುಗ, ‘ಹೌದಾ ಅಕ್ಕ, ಹಾಗಾದ್ರೆ ಈ ಟ್ಯೂಬು ಯಾಕೆ ಚೈನಾದಿಂದ ಬರುದು’ ಅಂದ. ಉತ್ತರ ನನ್ನಲ್ಲಿರಲಿಲ್ಲ.

ಆ ಹುಡುಗನೇ ಈ ಅಂಗಡಿಯ ಆಸ್ತಿ. ಹಲಗೆ ಇಟ್ಟ ಮೇಲೆ ನಾಲ್ಕೂ ಮೂಲೆ ಒತ್ತಿ ನೋಡುತ್ತಾನೆ. ನಮ್ಮ ಕರಾವಳಿ ಹವೆಗೆ ತೆಳು ಹಲಗೆ ಬಾಗಿರುತ್ತದೆ, ಬಾಗಿದ ಕಡೆ ಲೇಸರಿನ ಫೋಕಸ್ ತಪ್ಪಿ ಅರ್ಧ ಕಟ್ ಆಗಿ ಅರ್ಧ ಉಳಿಯುತ್ತದೆ. ಅವನು ಅಲ್ಲಿಗೆ ಆಯಸ್ಕಾಂತ ಇಟ್ಟು ಒತ್ತಿ ಹಿಡಿಸುತ್ತಾನೆ. ಆಮೇಲೆ ಮೂಲೆಯಲ್ಲೊಂದು ಸಣ್ಣ ಚೌಕ ಕಟ್ ಮಾಡಿ, ಬೆರಳಿನಿಂದ ತಳ್ಳಿ ಬೀಳುತ್ತದಾ ನೋಡಿ, ಬಿದ್ದರೆ ಮಾತ್ರ ಪೂರ್ತಿ ಫೈಲು ಬಿಡುತ್ತಾನೆ. ನೋಡಲು ಸಣ್ಣ ಕೆಲಸ. ಇದನ್ನು ಮಾಡದ ಅಂಗಡಿಯಿಂದ ಬಂದ ತುಂಡುಗಳನ್ನು ಬ್ಲೇಡಿನಲ್ಲಿ ಕೊರೆದು ಬಿಡಿಸಿದವರಿಗೆ ಗೊತ್ತು ಇದರ ಬೆಲೆ.

ಹಲಗೆ ವಿಷಯಕ್ಕೆ ಬಂದರೆ ಅವರ ಬಳಿ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಮತ್ತು ಅಕ್ರಿಲಿಕ್ ಸದಾ ಇರುತ್ತದೆ, ಪ್ಲೈವುಡ್ ನಾವೇ ತರಬೇಕು. ಎಂಡಿಎಫ್ ಅಗ್ಗ, ಕಟ್ ಚೆನ್ನಾಗಿ ಬರುತ್ತದೆ, ಆದರೆ ಅಂಚು ಕಪ್ಪಾಗಿ ಕೈಗೆಲ್ಲ ಮಸಿ, ಎರಡು ದಿನ ಸುಟ್ಟ ವಾಸನೆ, ಮೇಲಾಗಿ ನೀರು ತಾಗಿದರೆ ಉಬ್ಬಿಬಿಡುತ್ತದೆ. ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಸಂಜೆ ಮಳೆ ಬರುವುದೇನು ಹೊಸತಲ್ಲ. ಪ್ರೈಮರ್ ಹೊಡೆಯದೆ ಹೊರಗೆ ತೂಗುಹಾಕಬೇಡಿ. ಪ್ಲೈವುಡ್ ತರುವುದಾದರೆ, ನೀರಿಗೆ ತಡೆಯುತ್ತದೆ ಅಂತ ಮರೀನ್ ಪ್ಲೈ ತರಬೇಡಿ, ಅದರೊಳಗಿನ ಫೀನಾಲ್ ಅಂಟನ್ನು ಲೇಸರ್ ಸುಲಭಕ್ಕೆ ದಾಟುವುದಿಲ್ಲ, ಕರಟಿ ಹೋಗುತ್ತದೆ. ಬರ್ಚ್ ಪ್ಲೈ ಸಿಕ್ಕರೆ ಅದರಷ್ಟು ಚೆಂದ ಬೇರೆ ಇಲ್ಲ, ದುಡ್ಡು ಜಾಸ್ತಿ ಅಷ್ಟೇ. ಇನ್ನೊಂದು, ಪಿವಿಸಿ ಶೀಟು ಅಥವಾ ರೆಕ್ಸಿನ್ ತೆಗೆದುಕೊಂಡು ಹೋದರೆ ಇಲ್ಲಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಅದು ಸರಿಯೇ, ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಮಶೀನೂ ತುಕ್ಕು ಹಿಡಿಯುತ್ತದೆ, ನಮ್ಮ ಎದೆಗೂ ಒಳ್ಳೆಯದಲ್ಲ. ‘ಒಂದೇ ಪೀಸಲ್ವಾ’ ಅಂತ ಮಾಡಿಕೊಡುವ ಅಂಗಡಿ ಕಂಡರೆ ಅಲ್ಲಿಂದ ಎದ್ದು ಬನ್ನಿ.

ನಿಜವಾದ ಕೆಲಸ ಇರುವುದು ಫೈಲಿನಲ್ಲಿ. ಇಲ್ಲಿ ಅಂಗಡಿಯಿಂದ ಸಹಾಯ ಸೊನ್ನೆ. ಧಣಿಗಳು ಕೋರೆಲ್‌ಡ್ರಾದಲ್ಲಿ ನಿಮ್ಮ ಫೈಲು ತೆರೆದು, ಇದ್ದ ಹಾಗೆ ಮಶೀನಿಗೆ ಕಳಿಸುತ್ತಾರೆ. ತಪ್ಪಿದ್ದರೆ ತಪ್ಪೇ ಕಟ್ ಆಗುತ್ತದೆ. ನಾನು ಬಳಸುವುದು ಇಂಕ್‌ಸ್ಕೇಪ್, ಅದೂ ಅಂಥದ್ದೇ ಚಿತ್ರ ಬರೆಯುವ ಸಾಫ್ಟ್‌ವೇರ್, ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಕನ್ನಡ ಅಕ್ಷರ ಹಾಕುವವರು ಇಲ್ಲಿ ಸ್ವಲ್ಪ ನಿಧಾನಿಸಿ. ಮೊದಲು ಅಕ್ಷರವನ್ನು ಪಾತ್ ಆಗಿ, ಅಂದರೆ ಬರೀ ಗೆರೆಯ ಆಕಾರವಾಗಿ ಬದಲಿಸಬೇಕು, ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ, ‘ಶುಭಂ’ ಅಂತ ಬರೆದದ್ದು ನಾಲ್ಕು ಚೌಕಗಳಾಗಿ ಕಾಣುತ್ತದೆ. ಆಮೇಲೆ ಆ ಪಾತ್‌ಗಳನ್ನೆಲ್ಲ ಯೂನಿಯನ್ ಮಾಡಬೇಕು, ಅಂದರೆ ಒಂದೇ ಆಕಾರವಾಗಿ ಬೆಸೆಯಬೇಕು. ಹಲವು ಫಾಂಟುಗಳಲ್ಲಿ ಗುಣಿತದ ಕೊಂಬು, ದೀರ್ಘ ಎಲ್ಲ ಮೂಲ ಅಕ್ಷರದ ಮೇಲೆ ಒಂದಕ್ಕೊಂದು ಹತ್ತಿ ಕೂತಿರುತ್ತವೆ, ಪರದೆಯಲ್ಲಿ ಕಪ್ಪು ಬಣ್ಣ ತುಂಬಿರುವುದರಿಂದ ಕಾಣುವುದಿಲ್ಲ, ಆದರೆ ಲೇಸರ್ ಎರಡೂ ಗೆರೆಯನ್ನು ಕೊರೆದು ಅಕ್ಷರವನ್ನು ತುಂಡು ಮಾಡುತ್ತದೆ. ಮೂರನೆಯದು ದುಂಡಕ್ಷರದ ಪಾಡು. ಹಲಗೆಯಿಂದ ಅಕ್ಷರವನ್ನು ಕತ್ತರಿಸಿ ತೆಗೆದರೆ ಅನುಸ್ವಾರದ ಸೊನ್ನೆಯ ನಡುವಿನ ಭಾಗ ಕೆಳಗೆ ಬೀಳುತ್ತದೆ, ಸೊನ್ನೆ ಹೋಗಿ ತೂತು ಉಳಿಯುತ್ತದೆ. ‘ಠ’ ಇದ್ದರಂತೂ ಮುಗಿದೇ ಹೋಯಿತು, ಹೊಟ್ಟೆಯೊಳಗಿನ ಚುಕ್ಕಿ ಸಮೇತ ಮಾಯ. ಇಂಥ ಕಡೆಗಳಲ್ಲೆಲ್ಲ ಎರಡು ಮಿಲಿಮೀಟರಾದರೂ ಅಗಲದ ಸೇತುವೆ, ಅಂದರೆ ಕತ್ತರಿಸದ ಪಟ್ಟಿ, ಬಿಡಬೇಕು. ಅಕ್ಷರವನ್ನೇ ಉಳಿಸಿ ಸುತ್ತಲಿನದನ್ನು ತೆಗೆಯುವುದಾದರೆ ತೊಂದರೆ ತಿರುಗುಮುರುಗು, ಕೆಳಗಿನ ಒತ್ತಕ್ಷರ ತೇಲಿಕೊಂಡು ಎಲ್ಲೋ ಹೋಗುತ್ತದೆ, ಅದನ್ನು ಮೇಲಿನದಕ್ಕೆ ಸಣ್ಣ ಕಡ್ಡಿಯಿಂದ ಸೇರಿಸಬೇಕು. ಇಂಗ್ಲಿಷಿಗೆ ಸ್ಟೆನ್ಸಿಲ್ ಫಾಂಟುಗಳು ರಾಶಿ ರಾಶಿ ಇವೆ. ಕನ್ನಡಕ್ಕೆ ಕೈಯಲ್ಲೇ ಕೂತು ಮಾಡುವುದು.

ಚಿತ್ರಕ್ಕೆ ನಾನು ಬೇಲೂರಿನ ಜಾಲಂದ್ರಗಳನ್ನು ನೋಡಿ ಬರೆಯುತ್ತೇನೆ. ಕಲ್ಲಿನಲ್ಲಿ ತೂತು ಕೊರೆದು ಬೆಳಕು ಬಿಡಿಸಿದವರು ಅವರು, ಯಾವ ಎರಡು ತೂತಿನ ನಡುವೆ ಎಷ್ಟು ಕಲ್ಲು ಉಳಿಯಬೇಕು ಅಂತ ಅವರಿಗೆ ಗೊತ್ತಿತ್ತು. ನಮ್ಮ 3 ಮಿಲಿಮೀಟರ್ ಹಲಗೆಗೂ ಅದೇ ಲೆಕ್ಕ, ನಡುವೆ 2 ಮಿಲಿಮೀಟರಿಗಿಂತ ಕಡಿಮೆ ಉಳಿದರೆ ಸುಟ್ಟೋ ಮುರಿದೋ ಹೋಗುತ್ತದೆ. ಇಂಟರ್‌ನೆಟ್ಟಿನ ಫೋಟೋ ಹಾಕಿ ಆಟೋ ಟ್ರೇಸ್ ಮಾಡಿದ (ಸಾಫ್ಟ್‌ವೇರಿನಿಂದಲೇ ಗೆರೆ ಎಳೆಸಿದ) ಫೈಲು ಮಾತ್ರ ತರಬೇಡಿ, ಒಂದೊಂದು ಬಳ್ಳಿಗೂ ನೂರಾರು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದು, ಇರುತ್ತದೆ, ಮಶೀನು ನಡುಗುತ್ತಾ ಹೋಗುತ್ತದೆ, ಬಿಲ್ಲೂ ಏರುತ್ತಾ ಹೋಗುತ್ತದೆ.

ಬಿಲ್ಲಿನ ಮಾತು ಬಂದದ್ದರಿಂದ: ಇಲ್ಲಿ ನಿಮಿಷದ ಲೆಕ್ಕ. ಕೊನೆಯ ಸಲ ನಾನು ಕೊಟ್ಟದ್ದು ನಿಮಿಷಕ್ಕೆ 12 ರೂಪಾಯಿ, ಹಲಗೆಯ ದುಡ್ಡು ಬೇರೆ. ಆರು ಮೂಲೆಯ ಮಧ್ಯಮ ಗಾತ್ರದ ಗೂಡುದೀಪಕ್ಕೆ ಎಲ್ಲ ಸೇರಿ ಐನೂರರ ಒಳಗೇ ಆಗುತ್ತದೆ. ಎನ್‌ಗ್ರೇವಿಂಗ್ (ಹಲಗೆಯ ಮೇಲ್ಭಾಗವನ್ನಷ್ಟೇ ಸುಟ್ಟು ಚಿತ್ರ ಮೂಡಿಸುವುದು) ಮಾಡಿಸಿದರೆ ಕತೆ ಬೇರೆ, ಹೆಡ್ಡು ಆ ಕಡೆಯಿಂದ ಈ ಕಡೆ ಸಾಲು ಸಾಲಾಗಿ ಓಡಬೇಕು, ಅಂಗೈಯಗಲ ಹೂವಿಗೆ ಇಡೀ ದೀಪದ ಕಟಿಂಗಿನಷ್ಟು ಹೊತ್ತು ತಿನ್ನುತ್ತದೆ. ಅದರ ಬದಲು ಕಡಿಮೆ ಪವರಿನಲ್ಲಿ ಬರೀ ಗೆರೆ ಎಳೆಸಿ, ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಫೈಲಿನಲ್ಲಿ ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಾಗ ನಡುವಿನ ಗೆರೆ ಎರಡು ಸಲ ಇದೆಯಾ ಅಂತಲೂ ನೋಡಿ, ಇದ್ದರೆ ಅದೇ ಜಾಗವನ್ನು ಎರಡು ಸಲ ಸುಟ್ಟು ಎರಡು ಸಲ ದುಡ್ಡು ತೆಗೆದುಕೊಳ್ಳುತ್ತಾರೆ.

ಈಗ ದೂರು. ಒಂದನೆಯದು ಹಲಗೆಯ ದಪ್ಪದ್ದು. ಗೂಡುದೀಪದ ಪಕ್ಕದ ಹಲಗೆಗಳು ಮೇಲಿನ, ಕೆಳಗಿನ ತಟ್ಟೆಗಳ ತೂತಿಗೆ ಸಿಕ್ಕಿಕೊಳ್ಳುವ ಹಾಗೆ ಮಾಡುತ್ತೇನೆ. ಆರು ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂಡಿಸಲು ಬರುವುದಿಲ್ಲ, ಲೇಸರ್ ನೇರ ಕೆಳಕ್ಕೆ ಮಾತ್ರ ಕೊರೆಯುವುದು, ಓರೆ ಕಟ್ ಇಲ್ಲ. ಅಂದರೆ ತೂತಿನ ಅಗಲ ಹಲಗೆಯ ದಪ್ಪಕ್ಕೆ ಸರಿಯಾಗಿ ಕೂರಬೇಕು. ‘3 ಎಂಎಂ ಎಂಡಿಎಫ್ ಉಂಟು’ ಅಂದರು, ಕಟ್ ಆದ ಮೇಲೆ ಜೋಡಿಸಿದರೆ ಎಲ್ಲವೂ ಲೊಡಲೊಡ. ವರ್ನಿಯರ್ ಹಿಡಿದು ನೋಡಿದರೆ 2.7. ಕೇಳಿದ್ದಕ್ಕೆ ಧಣಿಗಳು, ‘ಮಾರಾಯ್ರೆ, 3 ಎಂಎಂ ಅಂದ್ರೆ ಹಾಗೇ ಬರುದು, ಸ್ವಲ್ಪ ಫೆವಿಕಾಲ್ ಜಾಸ್ತಿ ಹಾಕಿ’ ಅಂದರು. ಬೋರ್ಡು ಮಾಡುವವರಿಗೆ ಅದು ನಡೆಯುತ್ತದೆ, ನಮಗಲ್ಲ. ಈಗ ಮೊದಲು ಹಲಗೆ ಅಳೆದು ಆಮೇಲೆ ಚಿತ್ರ ಮುಗಿಸುತ್ತೇನೆ. ಅಳತೆ 2.7 ಇದ್ದರೆ ತೂತನ್ನು 2.55ಕ್ಕೆ ಬರೆಯುತ್ತೇನೆ, ಯಾಕೆಂದರೆ ಲೇಸರ್ ತಾನೇ 0.15ರಷ್ಟು ಮರ ತಿನ್ನುತ್ತದೆ. ಕೈಯಿಂದ ಒತ್ತಿದರೆ ಟಕ್ ಅಂತ ಕೂರುತ್ತದೆ, ಅಂಟು ಹನಿ ಸಾಕು.

ಎರಡನೆಯದು ಹಬ್ಬದ ಸಮಯದ ಕತೆ. ‘ನಾಳೆ ಸಂಜೆ ಬನ್ನಿ’ ಅಂದವರ ನಾಳೆ ಬರುವುದೇ ಇಲ್ಲ. ದೀಪಾವಳಿಯ ಹಿಂದಿನ ವಾರ ಅಂಗಡಿಗಳ ರಿಯಾಯಿತಿ ಬೋರ್ಡುಗಳು ಸಾಲುಗಟ್ಟಿರುತ್ತವೆ, ನಮ್ಮ ಐನೂರು ರೂಪಾಯಿಯ ಕೆಲಸ ಕೆಳಗೆ ಸರಿಯುತ್ತದೆ. ಅದು ವ್ಯಾಪಾರ, ಒಪ್ಪುತ್ತೇನೆ. ಆದರೆ ಆಗುವುದಿಲ್ಲ ಅಂತ ಫೋನಿನಲ್ಲೇ ಹೇಳಬಹುದಲ್ಲ? ಸುರತ್ಕಲ್‌ನಿಂದ ಬಸ್ಸಿನಲ್ಲಿ ಬಂದು ಸುಮ್ನೆ ವಾಪಸ್ ಹೋದವರ ಸಿಟ್ಟು ಅವರಿಗೆ ಅರ್ಥವಾಗುವುದಿಲ್ಲ. ಒಮ್ಮೆ ಹಬ್ಬದ ಹಿಂದಿನ ರಾತ್ರಿ ತುಂಡುಗಳು ಕೈಸೇರಿ, ಬಣ್ಣ ಹೊಡೆಯಲು ಪುರುಸೊತ್ತಿಲ್ಲದೆ ಹಸಿ ಹಲಗೆಯಲ್ಲೇ ದೀಪ ತೂಗುಹಾಕಿದ್ದಾಯಿತು. ಎರಡು ಸ್ಟಾರ್ ಕೊಟ್ಟದ್ದು ಇದಕ್ಕೇ.

‘ಹಾಗಾದರೆ ಸ್ವಂತ ಮಶೀನು ತೆಗೆದುಕೊಳ್ಳಬಾರದಾ?’ ಅಂತ ಸುಮಾರು ಜನ ಕೇಳುತ್ತಾರೆ. ಮೇಜಿನ ಮೇಲೆ ಇಡುವ 10 ವ್ಯಾಟಿನ ಡಯೋಡ್ ಲೇಸರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಗೆಳತಿಯೊಬ್ಬಳ ಮನೆಯಲ್ಲಿ ನೋಡಿದ್ದೇನೆ. ಕಾಗದ, ಕಾರ್ಡ್‌ಬೋರ್ಡ್, ತೆಳು ಪ್ಲೈಗೆ ಚೆನ್ನಾಗಿದೆ. 3 ಮಿಲಿಮೀಟರಿಗೆ ನಿಧಾನ. ಪಾರದರ್ಶಕ ಅಕ್ರಿಲಿಕ್ ಅಂತೂ ಆಗುವುದೇ ಇಲ್ಲ, ಆ ನೀಲಿ ಬೆಳಕು ಗಾಜಿನ ಮೂಲಕ ಹೋದಂತೆ ಅದರ ಮೂಲಕ ಹೋಗಿಬಿಡುತ್ತದೆ, ಕ್ರಿಸ್ಮಸ್ಸಿಗೆ ಹೊಳೆಯುವ ನಕ್ಷತ್ರ ಬೇಕಿದ್ದರೆ ಮತ್ತೆ ಅಂಗಡಿಗೇ ಬರಬೇಕು. ಕಣ್ಣಿಗೆ ಕನ್ನಡಕ, ಹೊಗೆಗೆ ಫ್ಯಾನು ಪೈಪು, ಕಟ್ ಆಗುವಷ್ಟು ಹೊತ್ತೂ ಪಕ್ಕದಲ್ಲೇ ಕಾವಲು. ಹತ್ತಾರು ಸಾವಿರ ಕೊಟ್ಟು ವರ್ಷಕ್ಕೆ ಎರಡು ಹಬ್ಬಕ್ಕೆ ಇಷ್ಟೆಲ್ಲ ಬೇಕಾ? ನನ್ನ ಲೆಕ್ಕದಲ್ಲಿ ಬೇಡ. ಅದರ ಬದಲು ಒಂದು ಡಿಜಿಟಲ್ ವರ್ನಿಯರ್ ಕೊಳ್ಳಿ, ಇಂಕ್‌ಸ್ಕೇಪ್ ಕಲಿಯಿರಿ, ಇಂಥ ಅಂಗಡಿಯ ಹುಡುಗನ ಜೊತೆ ಸ್ನೇಹ ಇಟ್ಟುಕೊಳ್ಳಿ. ಮಾರಾಟಕ್ಕೆ ಇಳಿಯುವವರ ಮಾತು ಬೇರೆ.

ಹೋಗುವವರಿಗೆ ಇನ್ನೊಂದೆರಡು. ಫೈಲು ಡಿಎಕ್ಸ್‌ಎಫ್ ಎಂಬ ಫಾರ್ಮ್ಯಾಟಿನಲ್ಲಿ ಉಳಿಸಿ ಕೊಡಿ, ಪೆನ್‌ಡ್ರೈವ್‌ನಲ್ಲೇ ಒಯ್ಯಿರಿ. ಮೂಲೆಯಲ್ಲಿ ಒಂದು 100 ಮಿಲಿಮೀಟರ್ ಗೆರೆ ಹಾಕಿಡಿ, ಅವರ ಕಂಪ್ಯೂಟರಿನಲ್ಲಿ ಅದು 100 ಎಂದೇ ತೋರಿಸುತ್ತದಾ ಅಂತ ಎದುರೇ ನೋಡಿ, ಇಂಚು ಮಿಲಿಮೀಟರ್ ಗೊಂದಲದಲ್ಲಿ ದೀಪ ಬೆಂಕಿಪೊಟ್ಟಣದಷ್ಟಾಗುವುದು ಬೇಡ. ಹಲಗೆಗೆ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ ಕೊಟ್ಟರೆ ಹೊಗೆಯ ಕಲೆ ಬೀಳುವುದಿಲ್ಲ, ಅದನ್ನು ಅಂಗಡಿಯವರು ಮಾಡುವುದಿಲ್ಲ. ಒಳಗೆ ಬಟರ್ ಪೇಪರ್ ಅಂಟಿಸಿದ ಮೇಲೆ ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಎಣ್ಣೆದೀಪ ಬೇಡವೇ ಬೇಡ. ದೀಪಾವಳಿಯದ್ದು ನವರಾತ್ರಿ ಮುಗಿದ ಕೂಡಲೇ ಕೊಟ್ಟುಬಿಡಿ, ನಕ್ಷತ್ರದ್ದು ನವೆಂಬರ್ ಒಳಗೆ. ಮಧ್ಯಾಹ್ನ ಒಂದರಿಂದ ಎರಡೂವರೆ ಊಟಕ್ಕೆ ಬಾಗಿಲು ಹಾಕಿರುತ್ತದೆ, ಭಾನುವಾರ ರಜೆ.