ಕ್ರಿಸ್ಮಸ್‌ಗೆ ಚನ್ನಪಟ್ಟಣದ ಸಾಮಾನು: ಯಾವುದು ತಗೊಳ್ಳಿ, ಯಾವುದು ಬೇಡ

ನೇರವಾಗಿ ಹೇಳಿಬಿಡುತ್ತೇನೆ. ಈ ಸಲ ಕ್ರಿಸ್ಮಸ್‌ಗೆ ಮನೆ ಸಿಂಗಾರಕ್ಕೆ ಅಂತ ಒಂದಿಷ್ಟು ದುಡ್ಡು ತೆಗೆದಿಟ್ಟಿದ್ದರೆ ಬೆಂಗಳೂರಿನ ಮಾಲ್ ಸುತ್ತುವುದು ಬಿಟ್ಟು ಚನ್ನಪಟ್ಟಣಕ್ಕೆ ಹೋಗಿ ಬನ್ನಿ. ಅಲ್ಲಿರುವುದೆಲ್ಲ ಚೆನ್ನಾಗಿಲ್ಲ, ಕೆಲವನ್ನಂತೂ ಮುಟ್ಟಲೂ ಬೇಡಿ. ಆದರೆ ಚೆನ್ನಾಗಿರುವ ಸಾಮಾನು ಹಬ್ಬ ಮುಗಿದ ಮೇಲೂ ಅಟ್ಟ ಹತ್ತುವುದಿಲ್ಲ. ಅಡುಗೆಮನೆಯಲ್ಲೋ, ಮಕ್ಕಳ ಕೈಯಲ್ಲೋ, ಅತ್ತೆಯ ಮಂಚದ ಪಕ್ಕದಲ್ಲೋ ವರ್ಷವಿಡೀ ಓಡಾಡಿಕೊಂಡಿರುತ್ತದೆ. ನಾನು ಮಾರ್ಕ್ಸ್ ಕೊಡುವುದು ಅದಕ್ಕೇ.

ಚನ್ನಪಟ್ಟಣ ಅಂದರೆ ಬೊಂಬೆ, ಬೊಂಬೆ ಅಂದರೆ ಚಿಕ್ಕ ಮಕ್ಕಳಿಗೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಮರದ ಕುದುರೆ, ಗಿಲಕಿ, ಬುಗುರಿ ಎಲ್ಲ ಇದ್ದೇ ಇದೆ. ಅದರ ಜೊತೆಗೆ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಂಟೆ, ಗುಂಡು, ಪುಟ್ಟ ದೇವದೂತ, ಮೇಜಿನ ಮೇಲಿಡುವ ಬಣ್ಣದ ಮರ, ಯೇಸು ಹುಟ್ಟಿದ ದೃಶ್ಯ ಜೋಡಿಸುವ ಗೋದಲಿ ಸೆಟ್ಟು ಇವನ್ನೂ ಮಾಡುತ್ತಾರೆ. ಇಂಥದ್ದು ಹೊರದೇಶಕ್ಕೂ ಹೋಗುತ್ತದೆ. ನಮ್ಮಲ್ಲಿ ಮಾತ್ರ ಪ್ಲಾಸ್ಟಿಕ್ ಗುಂಡನ್ನು ಡಜನ್ ಲೆಕ್ಕದಲ್ಲಿ ತಂದು, ಜನವರಿ ಬಂದ ಕೂಡಲೇ ಅದರ ಮಿಂಚಿನ ಪುಡಿಯನ್ನು ಸೋಫಾ ಸಂದಿಯಿಂದ ಗುಡಿಸುತ್ತಾ ಕೂರುತ್ತೇವೆ.

ಮೊದಲು ದಾರಿ ವಿಷಯ. ಬೆಂಗಳೂರಿನಿಂದ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಸುಮ್ನೆ ಹೋಗ್ತಾ ಇದ್ದರೆ ಬೊಂಬೆ ಅಂಗಡಿ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಮದ್ದೂರೇ ಬಂದುಬಿಡುತ್ತದೆ. ಹಾಗಾಗಿ ಹಳೇ ರಸ್ತೆ ಹಿಡಿಯಿರಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನೋಕೂ ಅದೇ ಅನುಕೂಲ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಒಳಗೆ ಬಿಡುವುದೂ ಇಲ್ಲ. ಮಕ್ಕಳಿದ್ದರೆ ರೈಲು ಇನ್ನೂ ಒಳ್ಳೆಯದು, ಮೈಸೂರು ಲೈನಿನಲ್ಲೇ ಚನ್ನಪಟ್ಟಣ ಸ್ಟೇಷನ್ ಸಿಗುತ್ತದೆ. ಮೊದಲೆಲ್ಲ ಮೈಸೂರಿಗೆ ಹೋಗುವ ಕಾರುಗಳು ಸಾಲಾಗಿ ನಿಲ್ಲುತ್ತಿದ್ದ ಅಂಗಡಿಗಳ ಮುಂದೆ ಈಗ ಅಷ್ಟು ಗಲಾಟೆ ಇರುವುದಿಲ್ಲ. ಅಂಗಡಿಯವರಿಗೆ ಅದು ಹೊಡೆತ. ನಮಗೆ ಲಾಭ ಏನಪ್ಪಾ ಅಂದರೆ, ಒಂದೊಂದನ್ನೂ ಎತ್ತಿ ನೋಡಿ, ತಿರುಗಿಸಿ ನೋಡಿ, ಸಾವಧಾನವಾಗಿ ಆರಿಸಬಹುದು.

ಅಂಗಡಿಗೆ ನುಗ್ಗುವ ಮೊದಲು ಸಾಧ್ಯವಾದರೆ ಯಾವುದಾದರೂ ಒಂದು ಲೇತ್, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಊರೊಳಗಿನ ಬೀದಿಗಳಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳಿವೆ, ಕೇಳಿಕೊಂಡರೆ ಒಳಗೆ ಬಿಡುತ್ತಾರೆ. ನಾವು ನೋಡಿದ ಕಡೆ ವಯಸ್ಸಾದವರೊಬ್ಬರು ಕೂತಿದ್ದರು. ಆಲೆ ಮರದ ತುಂಡು, ಹಾಲಿನಷ್ಟು ಬಿಳಿ, ಲೇತ್‌ನಲ್ಲಿ ಗಿರಗಿರ ತಿರುಗುತ್ತಿತ್ತು. ಉಳಿ ಹಿಡಿದರು, ಸುರುಳಿ ಸುರುಳಿ ಹೊಟ್ಟು ಹಾರಿತು, ನೋಡ್ತಾ ನೋಡ್ತಾ ಒಂದು ಗಂಟೆಯ ಆಕಾರ ಬಂತು. ಮರಳು ಕಾಗದ ತಾಗಿಸಿ ನುಣುಪು ಮಾಡಿದರು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಸುತ್ತ ಹರಡಿಕೊಂಡಿತು. ಮೊದಲು ಮಂಕಾಗಿ, ಗೀರು ಗೀರಾಗಿ ಇತ್ತು. ತಾಳೆಗರಿಯ ತುಂಡೊಂದನ್ನು ಒತ್ತಿ ಆ ಕಡೆ ಈ ಕಡೆ ಎಳೆದರು ನೋಡಿ, ಮುಖ ಕಾಣುವಷ್ಟು ಹೊಳಪು ಬಂದುಬಿಟ್ಟಿತು. ಮನೆಯಲ್ಲಿ ಒಂದು ಜಾಗದಲ್ಲಿ ಎರಡು ನಿಮಿಷ ಕೂರದ ನನ್ನ ಮಗ ಬಾಯಿ ತೆರೆದುಕೊಂಡು ನಿಂತಿದ್ದ. "ಇನ್ನೊಂದು ಮಾಡಿ ತಾತಾ" ಅಂದ. ಅವರು ನಕ್ಕು ಅವನಿಗೋಸ್ಕರ ಹಳದಿ ಬಣ್ಣದ್ದು ಇನ್ನೊಂದು ಮಾಡಿದರು. ದುಡ್ಡು ಕೊಡೋಕೆ ಹೋದರೆ, "ಇರಲಿ ಬಿಡಮ್ಮಾ, ಮಗು ಕೇಳಿದ್ದಲ್ವಾ" ಅಂದರು. ನಮ್ಮತ್ತೆ ಬಿಡಲಿಲ್ಲ, ಕೊಟ್ಟೇ ಬಂದರು.

ಇದನ್ನೆಲ್ಲ ಇಷ್ಟು ಉದ್ದ ಬರೆಯೋಕೆ ಕಾರಣ ಇದೆ. ಒಮ್ಮೆ ನೋಡಿದರೆ ಅಂಗಡಿಯಲ್ಲಿ ಯಾವುದು ಅಸಲಿ ಅರಗಿನ ಕೆಲಸ, ಯಾವುದು ಬರೀ ಪೇಂಟು ಅಂತ ನಿಮಗೇ ಗೊತ್ತಾಗುತ್ತದೆ. ಅರಗಿನ ಬಣ್ಣ ಬರಬೇಕಾದರೆ ಮರ ಲೇತ್‌ನಲ್ಲಿ ತಿರುಗಲೇಬೇಕು. ಅಂದರೆ ಸಾಮಾನು ಉರುಟಾಗಿರಬೇಕು: ಗಂಟೆ, ಗುಂಡು, ಡಬ್ಬಿ, ಬಳೆ, ಬುಗುರಿ. ಹಲಗೆಯಿಂದ ಕೊಯ್ದು ತೆಗೆದ ಚಪ್ಪಟೆ ನಕ್ಷತ್ರ, ಚಪ್ಪಟೆ ಜಿಂಕೆ, ಮೇರಿ ಕ್ರಿಸ್ಮಸ್ ಅಂತ ಬರೆದ ಹಲಗೆ ಇವಕ್ಕೆಲ್ಲ ಆ ರೀತಿ ಅರಗು ಹಿಡಿಸೋಕೆ ಆಗುವುದಿಲ್ಲ, ಸಾಮಾನ್ಯವಾಗಿ ಪೇಂಟೇ ಬಳಿದಿರುತ್ತಾರೆ. ತಪ್ಪೇನಿಲ್ಲ, ಆದರೆ ಅದಕ್ಕೆ ಅರಗಿನ ಸಾಮಾನಿನ ರೇಟು ಕೊಡಬೇಡಿ. ಉರುಟು ಸಾಮಾನಿನಲ್ಲೂ ಗೀರಿನ ಸಂದಿಯಲ್ಲಿ ಬಣ್ಣ ಮಡುಗಟ್ಟಿದ್ದರೆ, ಬ್ರಷ್ ಗುರುತು ಕಂಡರೆ, ಮೂಗಿನ ಹತ್ತಿರ ಹಿಡಿದಾಗ ಪೇಂಟಿನ ವಾಸನೆ ಹೊಡೆದರೆ ವಾಪಸ್ ಇಟ್ಟುಬಿಡಿ.

ಈಗ ನಾವು ತಂದ ಸಾಮಾನಿಗೆ ಬರೋಣ.

ಮರಕ್ಕೆ ಹಾಕುವ ಗಂಟೆಗಳು ಬಹಳ ಚೆನ್ನಾಗಿವೆ. ಹೆಬ್ಬೆರಳು ಗಾತ್ರದ್ದು, ಕೆಂಪು, ಹಸಿರು, ಹಳದಿ, ಮೇಲೆ ದಾರ, ಒಳಗೆ ಮರದ್ದೇ ನಾಲಿಗೆ. ಲೋಹದ ಗಂಟೆಯ ಥರ ಕಿಣಿಕಿಣಿ ಅನ್ನುವುದಿಲ್ಲ, ಫ್ಯಾನ್ ಗಾಳಿಗೆ ಟೊಕ್ ಟೊಕ್ ಅನ್ನುತ್ತದೆ. ಒಂದೊಂದು ನೂರು ರೂಪಾಯಿ ಒಳಗೇ ಸಿಕ್ಕಿತು. ದಾರ ಮಾತ್ರ ತೀರಾ ತೆಳು, ಮನೆಗೆ ಬಂದು ಬೇರೆ ಹಾಕಿಕೊಂಡೆವು.

ಬುಗುರಿಯನ್ನು ಸಿಂಗಾರಕ್ಕೆ ಬಳಸೋಣ ಅಂದಿದ್ದು ನನ್ನ ಮಗಳು. ಪುಟ್ಟ ಕೈಬುಗುರಿಗಳ ಕಡ್ಡಿಗೆ ದಾರ ಕಟ್ಟಿ ಮರಕ್ಕೆ ತೂಗುಹಾಕಿದಳು. ನೋಡೋಕೆ ಬಹಳ ಮುದ್ದಾಗಿತ್ತು. ಆದರೆ ಸಂಜೆ ಆಗುವಷ್ಟರಲ್ಲಿ ಅರ್ಧ ಬುಗುರಿ ಮರದಿಂದ ಇಳಿದು ನೆಲದ ಮೇಲಿತ್ತು, ಮಾವನವರೂ ಮೊಮ್ಮಕ್ಕಳೂ ಯಾರದ್ದು ಜಾಸ್ತಿ ಹೊತ್ತು ತಿರುಗುತ್ತದೆ ಅಂತ ಪಂಥ ಕಟ್ಟಿ ಕೂತಿದ್ದರು. ಟೀವಿ ಆಫ್ ಆಗಿತ್ತು. ಯಾರೂ ಆಫ್ ಮಾಡಿ ಅಂತ ಹೇಳಿರಲಿಲ್ಲ! ನಾನು ರೋಸ್ ಕುಕ್ಕಿ ಅಚ್ಚನ್ನು ಎಣ್ಣೆಯಲ್ಲಿ ಅದ್ದುತ್ತಾ ಒಲೆ ಮುಂದೆ ನಿಂತಿದ್ದರೂ ಮಾವನವರ ಕೂಗು ಅಡುಗೆಮನೆವರೆಗೂ ಕೇಳುತ್ತಿತ್ತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಖುಷಿ ಕೊಟ್ಟ ಸಾಮಾನು ಈ ಹಬ್ಬದಲ್ಲಿ ಬೇರೆ ಇಲ್ಲ, ಆ ಹೊತ್ತಿಗೆ ಸುಟ್ಟುಹೋದ ಎರಡು ಕುಕ್ಕಿಯನ್ನೂ ಲೆಕ್ಕಕ್ಕೆ ಹಿಡಿದು ಹೇಳುತ್ತಿದ್ದೇನೆ.

ಗೋದಲಿ ಸೆಟ್ಟು ನನಗೆ ಇಷ್ಟ, ನಮ್ಮತ್ತೆಗೆ ಅಷ್ಟಕ್ಕಷ್ಟೇ. ಮರಿಯಮ್ಮ, ಜೋಸೆಫ್, ಮೂವರು ರಾಜರು ಎಲ್ಲರೂ ಉದ್ದುದ್ದ ಗುಂಡು ಆಕೃತಿಗಳು, ಮುಖಕ್ಕೆ ಎರಡೇ ಚುಕ್ಕೆ ಕಣ್ಣು. "ಇದರಲ್ಲಿ ಜೋಸೆಫ್ ಯಾರು, ಕುರಿ ಕಾಯೋನು ಯಾರು ಅಂತ ನೀನೇ ಹೇಳಬೇಕು" ಅಂದರು. ಮಾತು ಸುಳ್ಳಲ್ಲ. ಮಣ್ಣಿನ ಗೊಂಬೆಗಳಲ್ಲಿ ಕಾಣುವ ಮುಖಭಾವ ಇದರಲ್ಲಿ ಹುಡುಕಬೇಡಿ. ಆದರೆ ಇವು ಕೈತಪ್ಪಿ ಬಿದ್ದರೆ ಒಡೆಯುವುದಿಲ್ಲ, ಹಾಗಾಗಿ ಮಕ್ಕಳೇ ಜೋಡಿಸಬಹುದು. ನಮ್ಮ ಮನೆಯಲ್ಲಿ ಬಾಲ ಯೇಸುವನ್ನು 24ರ ರಾತ್ರಿಯ ಪೂಜೆ ಮುಗಿಸಿ ಬಂದ ಮೇಲೇ ಇಡುವುದು. ಮೂವರು ರಾಜರು ಮೊದಲ ದಿನ ಶೋಕೇಸ್ ಹತ್ತಿರ ಇರುತ್ತಾರೆ, ದಿನಾ ಒಂದಿಷ್ಟು ಮುಂದೆ ಬಂದು ಜನವರಿ 6ಕ್ಕೆ ಗೋದಲಿ ತಲುಪುತ್ತಾರೆ. ಯಾರು ಸರಿಸಬೇಕು ಅಂತ ದಿನಾ ಬೆಳಿಗ್ಗೆ ಜಗಳ. ಮಣ್ಣಿನ ರಾಜರಾಗಿದ್ದರೆ ದಾರಿಯಲ್ಲೇ ತಲೆ ಕಳೆದುಕೊಳ್ಳುತ್ತಿದ್ದರು.

ಇಲ್ಲೊಂದು ಎಚ್ಚರಿಕೆ. ಗೋದಲಿಗೆ ಹುಲ್ಲು ಅಂತ ತಟ್ಟೆಯಲ್ಲಿ ರಾಗಿ ಬಿತ್ತುತ್ತೇವಲ್ಲ, ಆ ಒದ್ದೆ ಮಣ್ಣಿನ ಮೇಲೆ ಮರದ ಆಕೃತಿಗಳನ್ನು ನೇರವಾಗಿ ನಿಲ್ಲಿಸಬೇಡಿ. ತಳದಲ್ಲಿ ಅರಗು ಇರುವುದಿಲ್ಲ, ಬಣ್ಣವಿಲ್ಲದ ಬರೀ ಮರ ನೀರು ಕುಡಿದು ಕಪ್ಪಾಗುತ್ತದೆ. ಬಾಟಲಿ ಮುಚ್ಚಳವನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲಿಸಿದರೆ ಸಾಕು. ಪೈರು ಎದ್ದ ಮೇಲೆ ಮುಚ್ಚಳ ಕಾಣುವುದಿಲ್ಲ.

ಮೇಣದಬತ್ತಿ ಸ್ಟ್ಯಾಂಡು ಬೇಡವೇ ಬೇಡ ಅನ್ನುತ್ತೇನೆ, ಒಳಗೆ ಲೋಹದ ಬಟ್ಟಲು ಇದ್ದರೆ ಮಾತ್ರ ಪರವಾಗಿಲ್ಲ. ಬರೀ ಉಜ್ಜಾಟದ ಬಿಸಿಗೇ ಕರಗುವ ಅರಗು ಉರಿಯುವ ಬತ್ತಿಯ ಬುಡದಲ್ಲಿ ಹೇಗಿರುತ್ತದೆ ಯೋಚಿಸಿ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಕ್ಕೆ ಮೂರು ನೇರಳೆ, ಒಂದು ಗುಲಾಬಿ ಬತ್ತಿ ಹಚ್ಚುವವರಿಗೆ ಈ ಸ್ಟ್ಯಾಂಡುಗಳ ಬಣ್ಣ ನೋಡಿ ಆಸೆಯಾಗುವುದು ಸಹಜ. ಹಿತ್ತಾಳೆ ಅಥವಾ ಮಣ್ಣಿನದೇ ತಗೊಳ್ಳಿ. ಲೋಟ ಇಡುವ ಬಿಲ್ಲೆಗಳೂ ಅಷ್ಟೇ, ಬಿಸಿ ಕಾಫಿ ಲೋಟ ಇಟ್ಟರೆ ಬಳೆಯಂಥ ಗುರುತು ಬೀಳುತ್ತದೆ. ಕಾಫಿ ಕುಡಿಯುವ ಮನೆಗೆ ಅದು ಆಗಿಬರುವುದಿಲ್ಲ.

ಡಬ್ಬಿಗಳು ಬಹಳ ಉಪಯೋಗಕ್ಕೆ ಬರುತ್ತವೆ. ಮುಚ್ಚಳ ತಿರುಗಿಸಿ ನೋಡಿ, ಸರಿಯಾಗಿ ಕೂತಿದ್ದರೆ ಎಳೆಯುವಾಗ ಪುಸಕ್ ಅಂತ ಸಣ್ಣ ಸದ್ದು ಬರುತ್ತದೆ. ಒಂದರಲ್ಲಿ ಏಲಕ್ಕಿ ಹಾಕಿಟ್ಟಿದ್ದೇನೆ, ಇನ್ನೊಂದನ್ನು ಅತ್ತೆ ಜಪಸರ ಇಡೋಕೆ ಅಂತ ಎತ್ತಿಕೊಂಡು ಹೋದರು. ಗೋದಲಿ ಅಷ್ಟಕ್ಕಷ್ಟೇ ಅಂದವರು ಡಬ್ಬಿ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ.

ಇನ್ನು ಬೇಜಾರಾದ ವಿಷಯ. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಅರ್ಧಕ್ಕರ್ಧ ಹೊರಗಿನ ಪ್ಲಾಸ್ಟಿಕ್ ಆಟಿಕೆ, ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದ ಮರದ ಪಜಲ್ಲು ತುಂಬಿತ್ತು. ಎಲ್ಲದಕ್ಕೂ ಚನ್ನಪಟ್ಟಣದ್ದು ಅಂತಲೇ ಹೇಳಿದರು. ಇದು ಯಾರು ಮಾಡಿದ್ದು ಅಂತ ಕೇಳಿದರೆ ಮುಖ ಬೇರೆ ಕಡೆ ತಿರುಗಿತು. ಮೊದಲು ಹೇಳಿದ ಬೆಲೆ, ನಾವು ಎದ್ದು ಹೊರಟಾಗ ಅರ್ಧಕ್ಕೆ ಬಂತು. ಚೌಕಾಸಿ ಗೊತ್ತಿಲ್ಲದವರಿಗೆ ಕಷ್ಟ. ಚನ್ನಪಟ್ಟಣದ ಬೊಂಬೆಗೆ 2006ರಲ್ಲೇ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ಸಾಮಾನು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಆದರೆ ಕೌಂಟರ್ ಮುಂದೆ ನಿಂತ ಗಿರಾಕಿಗೆ ಅದು ಕಾಣುವಂತೆ ಇಟ್ಟಿರುವ ಅಂಗಡಿ ಕಡಿಮೆ. ಬೊಂಬೆ ಮೇಲೆ ಐಎಸ್ಐ ಗುರುತು ಇಲ್ಲ ಅಂತ ಗಾಬರಿಯಾಗಬೇಡಿ. 2021ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ ಆಗಿದ್ದರೂ ನೋಂದಣಿ ಮಾಡಿಸಿಕೊಂಡ ಕುಶಲಕರ್ಮಿಗಳ ಸಾಮಾನಿಗೂ ಜಿಐ ಆಟಿಕೆಗಳಿಗೂ ವಿನಾಯಿತಿ ಇದೆ. ಹಾಲುಗಲ್ಲದ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಸಾಮಾನಾದರೆ ಮಾತ್ರ ಯಾವ ಬಣ್ಣ ಹಾಕಿದ್ದೀರಿ ಅಂತ ಕೇಳಿಯೇ ತಗೊಳ್ಳಿ. ಅರಿಶಿನ, ನೀಲಿ ಇಂಥ ಗಿಡಮೂಲದ ಬಣ್ಣ ಬಳಸುವವರು ಕೇಳಿದ ಕೂಡಲೇ ಖುಷಿಯಾಗಿ ವಿವರಿಸುತ್ತಾರೆ. ಆ ಬಣ್ಣಗಳು ಸ್ವಲ್ಪ ಮಾಗಿದಂತೆ ಕಾಣುತ್ತವೆ, ಕಣ್ಣಿಗೆ ಹೊಡೆಯುವುದಿಲ್ಲ.

ಚೌಕಾಸಿಯ ಗೋಜೇ ಬೇಡ, ಅಷ್ಟು ದೂರ ಹೋಗೋಕೂ ಆಗಲ್ಲ ಅನ್ನುವವರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂ ಇದೆ. ಸರ್ಕಾರದ್ದು, ಒಂದೇ ಬೆಲೆ. ಆದರೆ ಲೇತ್ ನೋಡುವ ಖುಷಿ ಅಲ್ಲಿ ಸಿಗಲ್ಲ. ಇನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಮುಚ್ಚಳ ಹೇಗೆ ಕೂತಿದೆ ಅಂತ ತಿರುಗಿಸಿ ನೋಡೋಕಾಗಲ್ಲ, ನನಗೆ ಅದು ಸರಿಹೋಗಲ್ಲ.

ತಂದ ಮೇಲೆ ನೋಡಿಕೊಳ್ಳುವುದು ಸುಲಭ. ಒಣ ಬಟ್ಟೆಯಲ್ಲಿ ಒರೆಸಿ. ನೀರಲ್ಲಿ ನೆನೆಸಬೇಡಿ, ಕಿಟಕಿ ಬಿಸಿಲಿಗೆ ಇಡಬೇಡಿ. ಸ್ಯಾನಿಟೈಸರ್ ಹಾಕಿ ಒರೆಸುವ ಅಭ್ಯಾಸ ಈಗಲೂ ಕೆಲವರಿಗಿದೆ. ಅದರಲ್ಲಿರುವ ಆಲ್ಕೋಹಾಲ್‌ಗೆ ಅರಗು ಕರಗುತ್ತದೆ, ಹೊಳಪು ಹೋಗಿ ಅಂಟಂಟಾಗುತ್ತದೆ. ನಮ್ಮ ಮನೆಯವರಿಗೆ ಇದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ, ಯಾಕೆ ಅಂತ ಕೇಳಬೇಡಿ.

ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ. ಗಂಟೆ, ಬುಗುರಿ, ಡಬ್ಬಿಗೆ ಐದೂ ಸಲ್ಲಬೇಕು. ಸ್ಟ್ಯಾಂಡು, ಬಿಲ್ಲೆ, ಆ ಅರ್ಧ ಬೆಲೆಯ ನಾಟಕಕ್ಕೆ ಒಂದು ಕಟ್. ಹೋಗುವವರು ಡಿಸೆಂಬರ್ ಮೊದಲ ವಾರವೇ ಹೋಗಿ, ಅದೂ ವಾರದ ದಿನ. ಹಬ್ಬ ಹತ್ತಿರ ಬಂದಷ್ಟೂ ಕೆಂಪು ಗಂಟೆ ಖಾಲಿಯಾಗಿ ಬರೀ ಹಸಿರು ಉಳಿದಿರುತ್ತದೆ. ಬುಗುರಿ ತಗೊಳ್ಳುವಾಗ ಅಂಗಡಿಯ ನೆಲದ ಮೇಲೆ ಒಂದೊಂದನ್ನೂ ತಿರುಗಿಸಿ ನೋಡಿಯೇ ತಗೊಳ್ಳಿ, ಓಲಾಡುವುದನ್ನು ಬಿಡಿ. ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ, ಅವರೂ ಕೂತು ನಾಲ್ಕು ತಿರುಗಿಸುತ್ತಾರೆ.